ಬಾಗಿಲು ಮುಚ್ಚಿ ಎಕ್ಸ್‌ರೇ ತೆಗೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಹೋದ ತಿಂಗಳು ನನ್ನ ಮೊಮ್ಮಗ ಕಾಫಿ ಕಣದ ಕಟ್ಟೆಯಿಂದ ಬಿದ್ದು ಎಡಗೈ ಮುರಿದುಕೊಂಡ. ಐದು ವರ್ಷದ ಹುಡುಗ. ಮುಂಗೈ ಬಾಗಿದ್ದ ರೀತಿ ನೋಡಿದ ಕೂಡಲೇ ಎರಡು ಮೂಳೆಯೂ ಹೋಗಿದೆ ಎಂದು ನನಗೆ ಗೊತ್ತಾಯಿತು. ಅಡಿಕೆ ಹಾಳೆಯ ತುಂಡಿನ ಮೇಲೆ ಕೈ ಮಲಗಿಸಿ, ಟವಲು ಸುತ್ತಿ, ಅವನನ್ನೂ ಮಗಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹತ್ತಿರದ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ವೈದ್ಯರು ಚೀಟಿ ಬರೆದರು. ಎಕ್ಸ್‌ರೇ ಕೋಣೆಗೆ ಹೋದೆವು.

ಅಲ್ಲಿ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಒಬ್ಬ ಹುಡುಗ. ಮೃದು ಮಾತಿನವನು. ಮೊಮ್ಮಗ ಅಳಲು ಶುರು ಮಾಡಿದಾಗ ನನ್ನ ಮಗಳ ಕಡೆ ತಿರುಗಿ, "ಅಮ್ಮ ನೀವೇನಾ? ಬನ್ನಿ, ಕೈ ಅಲ್ಲಾಡದ ಹಾಗೆ ಹಿಡ್ಕೊಳ್ಳಿ" ಎಂದ. ಮಗಳು ಮೂರು ತಿಂಗಳ ಬಸುರಿ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಗು ಅಳುತ್ತಿರುವಾಗ ಯಾವ ತಾಯಿ ತನ್ನ ಹೊಟ್ಟೆಯ ಲೆಕ್ಕ ಹಾಕುತ್ತಾಳೆ? ಅವಳು ಸೆರಗು ಸಿಕ್ಕಿಸಿಕೊಂಡು ಮೇಜಿನ ಹತ್ತಿರ ಬಂದೇಬಿಟ್ಟಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ನಾಲ್ಕಡಿ ದೂರದಲ್ಲಿ ಒಂದು ಬೆಂಚು. ಬೆಂಚಿನಲ್ಲಿ ಮೂವರು ಹೆಂಗಸರು, ಕಾಲಿಗೆ ಪಟ್ಟಿ ಹಾಕಿಸಿಕೊಂಡ ಒಬ್ಬರು, ಒಂದು ಕೈಕೂಸು.

"ನೀನು ಹೊರಗೆ ಹೋಗಮ್ಮ, ಇವನನ್ನು ನಾನು ಹಿಡ್ಕೊಳ್ತೇನೆ. ಬಾಗಿಲು ಹಾಕ್ಕೊಂಡು ಹೋಗು, ಬೆಂಚಿನವರನ್ನೂ ಆ ಕಡೆ ಕರ್ಕೊಂಡು ಹೋಗು" ಎಂದೆ. ಹುಡುಗ ನಕ್ಕು, "ಏನೂ ಆಗಲ್ಲ ಸಾರ್, ಎರಡು ಸೆಕೆಂಡ್ ಅಷ್ಟೇ" ಎಂದ. ಕಿರಣ ತಡೆಯುವ ಸೀಸದ ಏಪ್ರನ್ ಎಲ್ಲಿ ಎಂದು ಕೇಳಿದೆ. ಮೇಜಿನ ಕೆಳಗೆ ನಾಲ್ಕು ಮಡಿಕೆ ಮಡಚಿ ಇಟ್ಟಿದ್ದರು, ಅದರ ಮೇಲೆ ಎರಡು ರಟ್ಟಿನ ಪೆಟ್ಟಿಗೆ. ಬಿಡಿಸಿ ನೋಡಿದರೆ ಮಡಿಕೆಯ ಗೆರೆಯುದ್ದಕ್ಕೂ ಒಳಗಿನ ಪದರ ಬಿರಿದು ಕೈಗೆ ತಾಗುತ್ತಿತ್ತು. ಇದ್ದದ್ದನ್ನೇ ಹಾಕಿಕೊಂಡೆ. ಕಿರಣ ಬಿಡುವ ಟ್ಯೂಬಿನ ಕೆಳಗೆ, ಅದು ಬೀಳುವ ಜಾಗ ತೋರಿಸುವ ಬೆಳಕಿನ ಚೌಕ ಅರ್ಧ ಮೇಜಿನಷ್ಟು ಅಗಲ ತೆರೆದಿತ್ತು. ಅದನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಎಷ್ಟು ಬೇಕೋ ಅಷ್ಟಕ್ಕೆ ಕಿರಿದು ಮಾಡಿಸಿ, ನನ್ನ ಬೆರಳು ಆ ಚೌಕದೊಳಗೆ ಬರದ ಹಾಗೆ ಮೊಮ್ಮಗನ ಭುಜ ಮತ್ತು ಬೆರಳ ತುದಿ ಹಿಡಿದು ಪಕ್ಕಕ್ಕೆ ವಾಲಿ ನಿಂತೆ. ಒಂದೇ ಸಲಕ್ಕೆ ಚಿತ್ರ ಸರಿಯಾಗಿ ಬಂತು.

ಆ ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಅದೊಂದೇ ಹೀಗೆ ಎಂದು ಓದುಗರು ತಿಳಿದುಕೊಳ್ಳಬಾರದು. ಆ ಹುಡುಗನ ಮೇಲೂ ನನಗೆ ದೂರಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದೇ ನನ್ನ ಸಂಕಟ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 1983ರಿಂದ 2018ರವರೆಗೆ ಎಕ್ಸ್‌ರೇ ತಂತ್ರಜ್ಞನಾಗಿದ್ದವನು. ಅದರಲ್ಲಿ ಹೆಚ್ಚಿನ ವರ್ಷ ಕೊಡಗಿನಲ್ಲೇ. ಬೋರ್ಡಿನಲ್ಲಿ ಕ್ಷ-ಕಿರಣ ವಿಭಾಗ ಎಂದು ಬರೆದಿರುತ್ತಿತ್ತು, ಬರುವವರೆಲ್ಲ ಎಕ್ಸ್‌ರೇ ಎಂದೇ ಕೇಳುತ್ತಿದ್ದರು. ಕರಿಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಜಾರಿ ಬಿದ್ದವರು, ಆನೆ ಅಟ್ಟಿಸಿಕೊಂಡು ಬಂದು ಕಂದಕಕ್ಕೆ ಹಾರಿದವರು, ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು, ಲೈನ್ ಮನೆಗಳಿಂದ ಕೆಮ್ಮುತ್ತಾ ಬರುವ ಕೂಲಿಯವರು. ಇವರೆಲ್ಲರ ಮೂಳೆ, ಶ್ವಾಸಕೋಶ ನೋಡಿದ ಕಣ್ಣು ನನ್ನದು. ಎಕ್ಸ್‌ರೇ ಬೇಡ ಎಂದು ನಾನು ಯಾವತ್ತೂ ಹೇಳುವವನಲ್ಲ. ಬೇಕಾದವರಿಗೆ ತೆಗೆಯಲೇಬೇಕು. ನಾನು ಈ ಪತ್ರ ಬರೆಯುತ್ತಿರುವುದು ಕಾಯಿಲೆಯವರ ಬಗ್ಗೆ ಅಲ್ಲ, ಅವರ ಪಕ್ಕದಲ್ಲಿ ನಿಲ್ಲುವವರ ಬಗ್ಗೆ. ಕಿರಣ ಬಿದ್ದರೆ ಕಾಯಿಲೆಯವನಿಗೆ ಅದರಿಂದ ಒಂದು ಉಪಯೋಗವಿದೆ, ಅವನ ಮುರಿದ ಮೂಳೆ ಕಾಣುತ್ತದೆ. ಪಕ್ಕದವಳಿಗೆ ಏನು ಉಪಯೋಗ?

ನನ್ನ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಒಬ್ಬ ಆಯಾ ಇದ್ದರು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವರು, ಎಲ್ಲರಿಗೂ ಅಕ್ಕ. ಕೊಡವ ತಕ್ಕ್, ಮಲಯಾಳಂ, ತುಳು, ಎರವರ ಭಾಷೆ, ಎಲ್ಲದರಲ್ಲೂ ಮಕ್ಕಳನ್ನು ಸಮಾಧಾನ ಮಾಡಬಲ್ಲವರು. ಮಗು ಅತ್ತರೆ ನಾನು ಕೂಗುತ್ತಿದ್ದದ್ದು ಅವರನ್ನೇ. "ಅಕ್ಕ, ಒಂಚೂರು ಬನ್ನಿ, ಹಿಡ್ಕೊಳ್ಳಿ." ಅವರು ಮೊರ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು ಬರುತ್ತಿದ್ದರು. ಇದ್ದದ್ದು ಒಂದೇ ಏಪ್ರನ್, ಅದನ್ನು ಮಗುವಿನ ತಂದೆಗೋ ತಾಯಿಗೋ ಹಾಕಿಸಿದರೆ ಅಕ್ಕ ಬರೀ ಸೀರೆಯಲ್ಲಿ. ದಿನಕ್ಕೆ ಎರಡೋ ಮೂರೋ ಮಕ್ಕಳು ಎಂದರೂ ಹತ್ತೊಂಬತ್ತು ವರ್ಷದಲ್ಲಿ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ನನ್ನ ಅಂಗಿಯ ಜೇಬಿನ ಹತ್ತಿರ, ಮೈಗೆ ಬಿದ್ದ ಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇತ್ತು. ಅಕ್ಕನಿಗೆ ಇರಲಿಲ್ಲ. ದಾಖಲೆಯಲ್ಲಿ ಅವರು ಎಕ್ಸ್‌ರೇ ವಿಭಾಗದವರೇ ಅಲ್ಲ, ಡಿ ದರ್ಜೆಯವರು, ಗುಡಿಸಿ ಒರೆಸುವುದಕ್ಕೆ ಬಂದವರು.

ಅಕ್ಕ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಹೋದ ವರ್ಷ ಅವರ ಮನೆಗೆ ಹೋದಾಗ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದರು. ಅವರಿಗೆ ಏನೋ ಆಗಿದೆ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಮೈಗೆ ಎಷ್ಟು ಬಿತ್ತು ಎಂಬ ಒಂದು ಅಂಕಿ ಇಡೀ ದೇಶದಲ್ಲಿ ಎಲ್ಲೂ ಬರೆದಿಟ್ಟಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಆಗ ಕರೆದವನು ನಾನೇ. ಸಿಬ್ಬಂದಿಯ ಕೈಯಲ್ಲಿ ಕಾಯಿಲೆಯವರನ್ನು ಹಿಡಿಸಬಾರದು, ಹಿಡಿಯಲೇಬೇಕಾದರೆ ಮನೆಯವರಲ್ಲಿ ದೊಡ್ಡವರೊಬ್ಬರು ಏಪ್ರನ್ ಹಾಕಿಕೊಂಡು ಹಿಡಿಯಬೇಕು ಎಂಬುದು ಎಕ್ಸ್‌ರೇ ಯಂತ್ರಗಳ ಮೇಲೂ ಅಧಿಕಾರವಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಮಂಡಳಿ ಹುಟ್ಟಿದ್ದು 1983ರ ನವೆಂಬರ್ 15ರಂದು, ನಾನು ಕೆಲಸಕ್ಕೆ ಸೇರಿದ ವರ್ಷವೇ. ಆ ನಿಯಮ ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅಕ್ಕ ನಿವೃತ್ತರಾಗಿದ್ದರು.

ಕಿರಣ ಕಾಯಿಲೆಯವನ ಮೇಲೆ ತಾನೇ ಬೀಳುವುದು, ಪಕ್ಕದವರಿಗೆ ಹೇಗೆ ಬರುತ್ತದೆ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತೋಟಕ್ಕೆ ಆನೆ ಬಂದಿದೆಯೇ ಎಂದು ರಾತ್ರಿ ಟಾರ್ಚ್ ಹಾಕುತ್ತೇವಲ್ಲ, ಚಳಿಗಾಲದ ಶುಭ್ರ ರಾತ್ರಿಯಲ್ಲಿ ಬೆಳಕು ನೆಟ್ಟಗೆ ಹೋಗಿ ಗಿಡಕ್ಕೆ ಬೀಳುತ್ತದೆ, ಪಕ್ಕದಲ್ಲಿ ನಿಂತವನ ಮುಖ ಕತ್ತಲಲ್ಲೇ ಇರುತ್ತದೆ. ಅದೇ ಜುಲೈ ತಿಂಗಳಲ್ಲಿ ಮಂಜು ಮುಸುಕಿದಾಗ ಹಾಕಿ ನೋಡಿ. ಬೆಳಕು ಮಂಜಿಗೆ ಬಡಿದು ಸುತ್ತಲೂ ಚೆದುರುತ್ತದೆ, ಟಾರ್ಚ್ ಹಿಡಿದವನ ಮುಖವೂ ಪಕ್ಕದವನ ಮುಖವೂ ಬೆಳ್ಳಗಾಗುತ್ತದೆ. ಎಕ್ಸ್‌ರೇ ಮೇಜಿನ ಮೇಲೆ ಮಲಗಿದವನ ದೇಹವೇ ಆ ಮಂಜು. ಟ್ಯೂಬಿನಿಂದ ನೆಟ್ಟಗೆ ಬಂದ ಕಿರಣ ಅವನ ಮಾಂಸ ಮೂಳೆಗೆ ಬಡಿದು ಕೋಣೆ ತುಂಬ ಚೆದುರುತ್ತದೆ. ಚೆದುರಿದ್ದು ಒಂದು ಮೀಟರ್ ದೂರದಲ್ಲಿ ಮೂಲದ ಸಾವಿರದಲ್ಲಿ ಒಂದು ಪಾಲಿನಷ್ಟಿರುತ್ತದೆ ಎಂಬುದು ನಮ್ಮ ಕೆಲಸದವರ ಅಂದಾಜು. ಎರಡು ಮೀಟರ್ ಸರಿದರೆ ಅದರ ನಾಲ್ಕನೇ ಒಂದು, ಮೂರು ಮೀಟರಿಗೆ ಒಂಬತ್ತನೇ ಒಂದು. ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಮಗುವನ್ನು ಹಿಡಿದವರು ಒಂದು ಮೀಟರ್ ದೂರ ನಿಲ್ಲಲು ಆಗುವುದಿಲ್ಲ, ಅವರ ಎದೆ ಹೊಟ್ಟೆ ಮೇಜಿಗೇ ತಾಗಿರುತ್ತದೆ. ಅದಕ್ಕೇ ಅವರಿಗೆ ಏಪ್ರನ್ ಬೇಕು. ಅದಕ್ಕೇ ಬೆಳಕಿನ ಚೌಕ ಚಿಕ್ಕದಿರಬೇಕು. ಚೌಕ ದೊಡ್ಡದಾದಷ್ಟೂ ಹೆಚ್ಚು ದೇಹಕ್ಕೆ ಬಡಿಯುತ್ತದೆ, ಹೆಚ್ಚು ಚೆದುರುತ್ತದೆ.

ಹೆದರಿಸುವುದು ನನ್ನ ಉದ್ದೇಶವಲ್ಲ. ಆದ್ದರಿಂದ ಅಳತೆಯನ್ನೂ ಹೇಳಿಬಿಡುತ್ತೇನೆ. ಮೈಗೆ ಬಿದ್ದ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿ, ಆಕಾಶ, ಉಸಿರಾಡುವ ಗಾಳಿ, ತಿನ್ನುವ ಅನ್ನ ಇವುಗಳಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಪ್ರಪಂಚದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತದೆ. ಒಳ್ಳೆಯ ಯಂತ್ರದಲ್ಲಿ ಒಂದು ಎದೆಯ ಎಕ್ಸ್‌ರೇಗೆ ಸುಮಾರು 0.02. ಕೈಯ ಎಕ್ಸ್‌ರೇಗೆ ಇನ್ನೂ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನಿಗೆ 8ರಿಂದ 10, ಅಂದರೆ ಕೆಲವು ನೂರು ಎದೆ ಎಕ್ಸ್‌ರೇಗಳಷ್ಟು. ಸಾರ್ವಜನಿಕರಿಗೆ ಇಂಥ ಕೆಲಸದ ಜಾಗಗಳಿಂದ ಸೋರಿ ಬರುವುದು ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದು. ವಿಕಿರಣದ ಕೆಲಸದವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂದು ನಮ್ಮ ದೇಶದ ಮಿತಿ. ಆವತ್ತು ನನ್ನ ಮಗಳು ಹಿಡಿದಿದ್ದರೂ ಅವಳ ಹೊಟ್ಟೆಗೆ ಬೀಳುತ್ತಿದ್ದದ್ದು ತೀರಾ ಅಲ್ಪ, ಲೆಕ್ಕಕ್ಕೂ ಸಿಗದಷ್ಟು. ಅದು ನನಗೂ ಗೊತ್ತು. ಆದರೆ ಬೇಡದ ಅಲ್ಪವನ್ನು ಕೇಳದೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಇಂದು ನನ್ನ ಮಗಳು, ನಾಳೆ ಅದೇ ಕೋಣೆಯಲ್ಲಿ ದಿನಾ ನಿಲ್ಲುವ ನರ್ಸು. ಅವಳ ಹೊಟ್ಟೆಯಲ್ಲೂ ಕೂಸು ಇರಬಹುದು.

ಈ ವಿದ್ಯೆ ಕೈಗಳಿಂದಲೇ ಪಾಠ ಕಲಿತದ್ದು. 1895ರ ನವೆಂಬರ್ 8ರಂದು ಜರ್ಮನಿಯಲ್ಲಿ ರಾಂಟ್‌ಜನ್ ಈ ಕಿರಣ ಕಂಡರು. ಅದೇ ಡಿಸೆಂಬರಿನಲ್ಲಿ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು, ಬೆರಳ ಮೂಳೆ, ಉಂಗುರ ಎರಡೂ ಕಾಣುವ ಹಾಗೆ. ಆಮೇಲೆ ಬಂದ ತಂತ್ರಜ್ಞರು ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ನೋಡಲು ತಮ್ಮದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದರು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆಯೇ ಕೈಗಳಲ್ಲಿ ಹುಣ್ಣಾಗಿ, ತೋಳು ಕತ್ತರಿಸಿಕೊಂಡು, 1904ರಲ್ಲಿ ತೀರಿಕೊಂಡರು. 1936ರಲ್ಲಿ ಹ್ಯಾಂಬರ್ಗ್‌ನ ಒಂದು ಆಸ್ಪತ್ರೆಯ ಆವರಣದಲ್ಲಿ ಇಂಥವರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು. ನಾನು ಓದುವಾಗ ನಮ್ಮ ಮೇಷ್ಟ್ರು ಇದನ್ನು ಹೇಳಿ, ಪ್ರತಿಯೊಬ್ಬರೂ ನಮ್ಮ ನಮ್ಮ ಬೆರಳು ನೋಡಿಕೊಳ್ಳುವ ಹಾಗೆ ಮಾಡಿದ್ದರು.

ಬಸುರಿಯರ ವಿಷಯ ಗೊತ್ತಾದದ್ದು ಇನ್ನೂ ತಡವಾಗಿ. ಇಂಗ್ಲೆಂಡಿನಲ್ಲಿ ಆಲಿಸ್ ಸ್ಟೂವರ್ಟ್ ಎಂಬ ವೈದ್ಯೆ, ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಕೂರಿಸಿಕೊಂಡು ಬಸುರಿನಲ್ಲಿ ಏನೇನಾಯಿತು ಎಂದು ಕೇಳಿದರು. ಹೊಟ್ಟೆಯಲ್ಲಿದ್ದಾಗ ಎಕ್ಸ್‌ರೇ ತೆಗೆಸಿಕೊಂಡ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚು ಎಂದು 1956ರಲ್ಲಿ ಬರೆದರು. ಆ ಮಾತನ್ನು ವೈದ್ಯಲೋಕ ಒಪ್ಪಲು ಬಹಳ ವರ್ಷ ಹಿಡಿಯಿತು. ಇವತ್ತು ಎಕ್ಸ್‌ರೇ ಕೋಣೆಯ ಹೊರಗೆ "ನೀವು ಗರ್ಭಿಣಿಯಾಗಿದ್ದರೆ ತಿಳಿಸಿ" ಎಂಬ ಫಲಕ ಕಡ್ಡಾಯ. ಆದರೆ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದವರೇ ಎಷ್ಟೊಂದು ಜನ, ಕನ್ನಡ ಓದಲು ಅವರಿಗೆ ಬರುವುದಿಲ್ಲ. ನಮ್ಮ ಜೇನು ಕುರುಬ, ಎರವ ಹಾಡಿಗಳ ಎಷ್ಟೋ ಹೆಂಗಸರಿಗೆ ಓದೇ ಇಲ್ಲ. ಫಲಕ ಇದ್ದರೆ ಸಾಲದು, ಬಾಯಿಬಿಟ್ಟು ಕೇಳಬೇಕು. ಅದೂ ಗಂಡಸರ ಎದುರಿಗೆ ಜೋರಾಗಿ ಅಲ್ಲ. ನಾನು ಅಕ್ಕನ ಕೈಯಲ್ಲಿ ಕೇಳಿಸುತ್ತಿದ್ದೆ. "ಮುಟ್ಟಾಗಿ ಎಷ್ಟು ದಿನ ಆಯ್ತು ಕೂಸೇ?" ಎಂದು ಅವರು ಕಿವಿಯ ಹತ್ತಿರ ಕೇಳಿದರೆ ಯಾರೂ ಮುಚ್ಚಿಡುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಬಸುರಿ ಎಂದು ತಿಳಿಯುವ ಮೊದಲೇ ಎದೆಗೋ ಹಲ್ಲಿಗೋ ಎಕ್ಸ್‌ರೇ ತೆಗೆಸಿಕೊಂಡು, ಆಮೇಲೆ ಹೆದರಿ ಬಸುರು ಇಳಿಸಲು ಓಡಿದ ಹೆಂಗಸರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೂಸಿಗೆ ಬಿದ್ದದ್ದು 100 ಮಿಲಿಗ್ರೇಗಿಂತ (ಎಕ್ಸ್‌ರೇ ಲೆಕ್ಕದಲ್ಲಿ ಒಂದು ಮಿಲಿಗ್ರೇ ಎಂದರೆ ಸುಮಾರು ಒಂದು ಮಿಲಿಸೀವರ್ಟ್) ಕಡಿಮೆಯಿದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹೇಳಿದೆ. ಎದೆ, ಹಲ್ಲು, ಕೈಕಾಲುಗಳ ಎಕ್ಸ್‌ರೇ ಅದರ ಹತ್ತಿರಕ್ಕೂ ಬರುವುದಿಲ್ಲ. ವೈದ್ಯರ ಹತ್ತಿರ ಕೂತು ಮಾತಾಡಿ.

ಈಗಿನ ಯಂತ್ರಗಳ ಬಗ್ಗೆ ನನಗೊಂದು ಚಿಂತೆ ಇದೆ. ನಮ್ಮ ಕಾಲದಲ್ಲಿ ಫಿಲ್ಮ್ ಇತ್ತು. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಡೆವಲಪರ್, ನೀರು, ಹೈಪೊ, ಮತ್ತೆ ನೀರು. ಉಗುರೆಲ್ಲ ಕಂದು ಬಣ್ಣ. ಆಟಿ ತಿಂಗಳಲ್ಲಿ ತೂಗುಹಾಕಿದ ಫಿಲ್ಮ್ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಗಾಳಿ ಮಳೆಗೆ ವೋಲ್ಟೇಜ್ ಇಳಿದರೆ ಚಿತ್ರ ಮಸುಕಾಗಿ ಮತ್ತೊಮ್ಮೆ ತೆಗೆಯಬೇಕಾಗುತ್ತಿತ್ತು. ಕಷ್ಟವೇ. ಆದರೆ ಫಿಲ್ಮಿಗೆ ಒಂದು ದೊಡ್ಡ ಗುಣವಿತ್ತು. ಕಿರಣ ಜಾಸ್ತಿಯಾದರೆ ಅದು ಕಪ್ಪಾಗಿಬಿಡುತ್ತಿತ್ತು. ತಪ್ಪು ಮಾಡಿದವನ ಕೈಗೇ ತಪ್ಪು ಸಿಗುತ್ತಿತ್ತು. ಈಗಿನ ಡಿಜಿಟಲ್ ಯಂತ್ರದಲ್ಲಿ ಎರಡು ಪಟ್ಟು ಕಿರಣ ಕೊಟ್ಟರೂ ಕಂಪ್ಯೂಟರ್ ತಾನೇ ಸರಿಪಡಿಸಿ ಚೆಂದದ ಚಿತ್ರ ತೋರಿಸುತ್ತದೆ, ಹೆಚ್ಚು ಕೊಟ್ಟಷ್ಟೂ ಇನ್ನೂ ನುಣುಪಾಗಿ ಕಾಣುತ್ತದೆ. ಕಡಿಮೆ ಕೊಟ್ಟರೆ ಮಾತ್ರ ಕಾಳುಕಾಳಾಗಿ ಕಂಡು ವೈದ್ಯರು ಗೊಣಗುತ್ತಾರೆ. ಹಾಗಾಗಿ ಹೊಸ ಹುಡುಗರ ಕೈ ಗೊತ್ತಿಲ್ಲದೆಯೇ ಮೇಲಕ್ಕೆ ಏರುತ್ತಾ ಹೋಗುತ್ತದೆ. ಪ್ರತಿ ಚಿತ್ರದ ಮೂಲೆಯಲ್ಲೂ ಎಕ್ಸ್‌ಪೋಷರ್ ಎಷ್ಟಾಯಿತು ಎಂದು ತೋರಿಸುವ ಅಂಕಿ ಇರುತ್ತದೆ. ಅದನ್ನು ನೋಡುವುದನ್ನು ಕಲಿಸುವವರು ಬೇಕು. ಯಂತ್ರ ಮಾರಲು ಬರುವ ಎಂಜಿನಿಯರ್ ಅರ್ಧ ದಿನ ಬಟನ್ ತೋರಿಸಿ ಘಾಟಿ ಇಳಿದು ಹೋಗುತ್ತಾನೆ.

ಬ್ಯಾಡ್ಜಿನ ಕತೆ ಕೇಳಿ. ಟಿಎಲ್‌ಡಿ ಎಂದರೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಮೂರು ಬಿಳಿ ಬಿಲ್ಲೆ. ಮೈಗೆ ಬಿದ್ದಷ್ಟು ಕಿರಣದ ನೆನಪನ್ನು ಆ ಬಿಲ್ಲೆಗಳು ಇಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ಬಿಸಿ ಮಾಡುತ್ತಾರೆ. ಬಿಸಿಯಾದಾಗ ಬಿಲ್ಲೆ ಬೆಳಕು ಬಿಡುತ್ತದೆ. ಎಷ್ಟು ಬೆಳಕು ಬಂತೋ ಅಷ್ಟು ಕಿರಣ ಬಿದ್ದಿತ್ತು ಎಂದು ಲೆಕ್ಕ. ಇಷ್ಟು ಚೆಂದದ ವಸ್ತುವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದವರನ್ನು ನಾನು ಕಂಡಿದ್ದೇನೆ, ರೀಡಿಂಗ್ ಜಾಸ್ತಿ ಬಂದರೆ ಉತ್ತರ ಕೊಡಬೇಕಲ್ಲ ಎಂದು. ಎಕ್ಸ್‌ರೇ ಕೋಣೆಯ ಮೊಳೆಗೆ ತೂಗುಹಾಕಿ ಮನೆಗೆ ಹೋಗಿ, ಮೂರು ತಿಂಗಳಾದ ಮೇಲೆ ರೀಡಿಂಗ್ ನೋಡಿ ಗಾಬರಿಯಾದವರನ್ನೂ ಕಂಡಿದ್ದೇನೆ. ಅದು ಎದೆಯ ಮೇಲೆ, ಏಪ್ರನ್ನಿನ ಒಳಗೆ ಇರಬೇಕು. ಆ ಕ್ಲಿನಿಕ್ಕಿನ ಹುಡುಗನಿಗೆ ಬ್ಯಾಡ್ಜೇ ಇರಲಿಲ್ಲ. "ಅಪ್ಲೈ ಮಾಡಿದ್ದಾರೆ ಸಾರ್" ಎಂದ. ಅವನಿಗೆ ಇನ್ನು ನಲವತ್ತು ವರ್ಷ ದುಡಿಮೆ ಇದೆ.

ಗೋಡೆಯ ವಿಷಯ ಗಾರೆ ಕೆಲಸದವರ ಭಾಷೆಯಲ್ಲೇ ಹೇಳುತ್ತೇನೆ. ಎಕ್ಸ್‌ರೇ ಕೋಣೆಗೆ 23 ಸೆಂಟಿಮೀಟರ್ ಇಟ್ಟಿಗೆ ಗೋಡೆ ಬೇಕು, ಅಂದರೆ ಒಂಬತ್ತಿಂಚು. ಕಿರಣ ನೇರವಾಗಿ ಬೀಳುವ ಗೋಡೆ 35 ಸೆಂಟಿಮೀಟರ್, ಹದಿನಾಲ್ಕಿಂಚು. ಬಾಗಿಲಿಗೆ 1.7 ಮಿಲಿಮೀಟರ್ ಸೀಸದ ಹಾಳೆ. ಕೋಣೆ 18 ಚದರ ಮೀಟರಿಗಿಂತ ಚಿಕ್ಕದಾಗಬಾರದು. ಈಗ ನಮ್ಮ ಪಟ್ಟಣಗಳಲ್ಲಿ ಕಾಂಪ್ಲೆಕ್ಸುಗಳ ಅಂಗಡಿ ಮಳಿಗೆಯನ್ನೇ ಕ್ಲಿನಿಕ್ ಮಾಡುತ್ತಾರೆ. ಅಲ್ಲಿ ನಾಲ್ಕಿಂಚಿನ ಗೋಡೆ, ಇಲ್ಲವೇ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್. ಗೋಡೆಯ ಆ ಕಡೆ ಒಬ್ಬ ದರ್ಜಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಗೋಡೆಗೆ ಬೆನ್ನು ಕೊಟ್ಟು ಹೊಲಿಯುತ್ತಿದ್ದರೆ ಅವನಿಗೆ ಯಾರು ಹೇಳುತ್ತಾರೆ? ಸೀಸ ಹಾಕಿದ ಒಳ್ಳೆಯ ಬಾಗಿಲು ಇದ್ದರೂ ಸೆಕೆ ಎಂದೋ, ಮಗು ಅಳುತ್ತದೆ ಎಂದೋ ತೆರೆದಿಟ್ಟರೆ ಆ ಸೀಸಕ್ಕೆ ಕೊಟ್ಟ ದುಡ್ಡು ಮಣ್ಣುಪಾಲು.

ಹೋದ ಚಳಿಗಾಲ ಒಂದು ತೋಟದಲ್ಲಿ ಕ್ಷಯರೋಗ ತಪಾಸಣೆಯ ಶಿಬಿರ ನಡೆಯಿತು. ಕೈಯಲ್ಲೇ ಹಿಡಿಯುವ ಕ್ಯಾಮೆರಾದಂಥ ಎಕ್ಸ್‌ರೇ ಯಂತ್ರ ತಂದಿದ್ದರು. ಲೈನ್ ಮನೆಯವರೆಗೆ ಯಂತ್ರ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ಕಣ್ಣು ತುಂಬಿ ಬಂತು. ಕ್ಷಯವನ್ನು ಬೇಗ ಹಿಡಿಯಲು ಇದು ಬಹಳ ಒಳ್ಳೆಯ ದಾರಿ, ಯಾರೂ ತಪ್ಪಿಸಿಕೊಳ್ಳಬೇಡಿ. ಆದರೆ ಕಣದಲ್ಲಿ ಸಾಲು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ಚಿತ್ರ ತೆಗೆಸಿಕೊಳ್ಳುವವನ ಹಿಂದೆ, ಯಂತ್ರ ಮುಖ ಮಾಡಿದ ದಿಕ್ಕಿಗೆ. ಮುಂದಿನವನ ಎದೆ ದಾಟಿ ಬಂದ ಕಿರಣದ ಹಾದಿಯಲ್ಲೇ ಉಳಿದವರೆಲ್ಲ ನಿಂತಿದ್ದರು. ನಾನು ಹೋಗಿ ಯಂತ್ರ ಹಿಡಿದಿದ್ದ ಹೆಣ್ಣುಮಗಳಿಗೆ ಹೇಳಿದೆ. ಅವಳು ತಕ್ಷಣ ಒಪ್ಪಿ, ಗೋದಾಮಿನ ದಪ್ಪ ಕಲ್ಲುಗೋಡೆಯ ಕಡೆ ಯಂತ್ರ ತಿರುಗಿಸಿ, ಸಾಲನ್ನು ತನ್ನ ಬೆನ್ನ ಹಿಂದೆ ದೂರ ನಿಲ್ಲಿಸಿದಳು. ಐದು ನಿಮಿಷದ ಕೆಲಸ. ಹೇಳುವವರು ಇದ್ದರೆ ಕೇಳುವವರು ಇದ್ದಾರೆ ಎಂದು ನನಗೆ ಆವತ್ತು ಧೈರ್ಯ ಬಂತು.

ನಮ್ಮ ಊರ ಕಡೆ ಮೊಬೈಲ್ ಟವರ್ ಬೇಡ, ರೇಡಿಯೇಷನ್ ಬರುತ್ತದೆ ಎಂದು ಸಹಿ ಸಂಗ್ರಹ ಮಾಡುತ್ತಾರೆ. ಟವರಿನದು ರೇಡಿಯೋ ಅಲೆ, ಅಣುವನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ನಮ್ಮ ದೇಶ 2012ರ ಸೆಪ್ಟೆಂಬರಿನಿಂದ ಅದಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿನ ಮಿತಿ ಹಾಕಿದೆ. ಸಹಿ ಹಾಕಿದವರೇ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೂತು ಇಣುಕುತ್ತಾರೆ. ಇನ್ನು ಕೆಲವರು, ಯಂತ್ರ ನಿಲ್ಲಿಸಿದ ಮೇಲೂ ಕೋಣೆಯೊಳಗೆ ಕಿರಣ ಉಳಿದಿರುತ್ತದೆ ಎಂದು ಗುಡಿಸಲೂ ಹೆದರುತ್ತಾರೆ. ಟಾರ್ಚ್ ಆರಿಸಿದ ಮೇಲೆ ಬೆಳಕು ಉಳಿಯುತ್ತದೆಯೇ? ಹಾಗೆಯೇ ಇದೂ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಯಲ್ಲಿ ಆದದ್ದು ಬೇರೆ, ಅದು ವಿಶ್ವವಿದ್ಯಾಲಯವೊಂದರ ಹಳೆಯ ಉಪಕರಣದೊಳಗಿದ್ದ ಕೋಬಾಲ್ಟ್-60, ತಾನಾಗಿಯೇ ಕಿರಣ ಬಿಡುವ ವಸ್ತು. ಅದರಿಂದ ಒಬ್ಬರು ಸತ್ತರು. ಎಕ್ಸ್‌ರೇ ಯಂತ್ರದಲ್ಲಿ ಅಂಥದ್ದೇನೂ ಇಲ್ಲ, ಕರೆಂಟ್ ಇಲ್ಲದಿದ್ದರೆ ಅದು ಬರೀ ಕಬ್ಬಿಣ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಷ್ಟವಿದೆ. ದೊಡ್ಡ ಪೆಟ್ಟಾದರೆ ಮೈಸೂರಿಗೋ ಮಂಗಳೂರಿಗೋ ಹಾಸನಕ್ಕೋ ಓಡಬೇಕು. ಆಂಬುಲೆನ್ಸ್ ಹತ್ತುವ ಗಡಿಬಿಡಿಯಲ್ಲಿ ಇಲ್ಲಿ ತೆಗೆಸಿದ ಚಿತ್ರ ಮನೆಯಲ್ಲೇ ಉಳಿಯುತ್ತದೆ. ಅಲ್ಲಿ ಮತ್ತೆ ಮೊದಲಿಂದ ಎಲ್ಲ, ಸಿಟಿ ಸ್ಕ್ಯಾನ್ ಕೂಡ. ಫಿಲ್ಮು, ಸಿಡಿ, ವರದಿ ಎಲ್ಲವನ್ನೂ ಆಧಾರ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಇಡಿ. ಹಳೆಯ ಫಿಲ್ಮನ್ನು ನಮ್ಮವರು ಜೋಪಾನ ಮಾಡುವುದು ಗ್ರಹಣ ನೋಡಲು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟ್ಟದ ಕಡೆ ಜನ ನೆರೆದಿದ್ದಾಗ ಎಷ್ಟು ಮಂದಿಯ ಕೈಯಲ್ಲಿ ಎಕ್ಸ್‌ರೇ ಫಿಲ್ಮ್ ಇತ್ತು! ಅದರಿಂದ ಸೂರ್ಯನನ್ನು ನೋಡಿದರೆ ಕಣ್ಣು ಹಾಳಾಗುತ್ತದೆ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ನಿಯಂತ್ರಣ ಮಂಡಳಿ ಇರುವುದು ಮುಂಬೈಯಲ್ಲಿ, ದಕ್ಷಿಣದ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿ. ಅವರು ಬಂದು ನಮ್ಮ ಘಾಟಿ ಹತ್ತುವವರೆಗೆ ಕಾಯುವುದು ಬೇಡ. ಖಾಸಗಿ ಕ್ಲಿನಿಕ್ಕುಗಳ ನೋಂದಣಿ ನಿಮ್ಮ ಕೈಯಲ್ಲೇ ಇದೆ. ನವೀಕರಣಕ್ಕೆ ಬಂದಾಗ ಎಕ್ಸ್‌ರೇಗೆ ಮಂಡಳಿಯ ಪರವಾನಗಿ ತೋರಿಸಿ ಎನ್ನಿ, ಅದರ ಪ್ರತಿಯನ್ನು ಕೋಣೆಯ ಬಾಗಿಲಿಗೆ ಅಂಟಿಸಲು ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲೂ ಅದೇ ಆಗಲಿ. ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಎಂಬ, ಮೂಳೆಯನ್ನು ಪರದೆಯ ಮೇಲೆ ನೇರ ತೋರಿಸುವ ಎಕ್ಸ್‌ರೇ ಯಂತ್ರ ಹಾಕಿ ಮೂಳೆಗೆ ಕಂಬಿ ಜೋಡಿಸುವಾಗ ಪಕ್ಕದಲ್ಲಿ ನಿಲ್ಲುವ ನರ್ಸ್ ಹೆಣ್ಣುಮಕ್ಕಳಿಗೆ, ವಾರ್ಡ್ ಬಾಯ್‌ಗಳಿಗೆ ಏಪ್ರನ್ ಇದೆಯೇ, ಬ್ಯಾಡ್ಜ್ ಇದೆಯೇ ನೋಡಿ. ಅಲ್ಲಿ ಕಿರಣ ಒಂದು ಕ್ಷಣದ್ದಲ್ಲ, ನಿಮಿಷಗಟ್ಟಲೆ. ಏಪ್ರನ್ ಮಡಚದೆ ತೂಗುಹಾಕಲು ಒಂದು ಅಗಲದ ಕೋಲು ಬೇಕು, ವರ್ಷಕ್ಕೊಮ್ಮೆ ಅದೇ ಏಪ್ರನ್ನಿನ ಎಕ್ಸ್‌ರೇ ತೆಗೆದರೆ ಬಿರುಕು ಕಾಣುತ್ತದೆ. ಗರ್ಭಿಣಿಯರನ್ನು ಕೇಳುವ ಫಲಕದಲ್ಲಿ ಒಂದು ಚಿತ್ರವಿರಲಿ. ಎಕ್ಸ್‌ರೇ ಕೋಣೆಗೆ ಆಗಾಗ ಬರುವ ಆಯಾಗಳಿಗೂ ಬ್ಯಾಡ್ಜ್ ಕೊಡಿ.

ಮಕ್ಕಳನ್ನು ಹಿಡಿಯಲು ಕೈಗಿಂತ ಒಳ್ಳೆಯ ಸಾಧನವಿದೆ, ಮರಳು ಚೀಲ. ಮೊಮ್ಮಗನ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ವಾರ ನಾನು ನಮ್ಮ ಶನಿವಾರದ ಸಂತೆಯಲ್ಲಿ ಎರಡು ಗಜ ರೆಕ್ಸಿನ್ ಕೊಂಡೆ. ಮನೆಯಲ್ಲಿ ಇವಳು ಡಬಲ್ ಹೊಲಿಗೆ ಹಾಕಿ ನಾಲ್ಕು ಚೀಲ ಹೊಲಿದುಕೊಟ್ಟಳು. ಹೊಳೆಯ ಮರಳನ್ನು ತೊಳೆದು, ಕಾಫಿ ಕಣದಲ್ಲಿ ಒಣಗಿಸಿ, ಜರಡಿ ಹಿಡಿದು ತುಂಬಿದೆ. ಎರಡು ಕಿಲೋದ್ದು ಎರಡು, ಒಂದು ಕಿಲೋದ್ದು ಎರಡು. ಅಂಗೈ ಮೇಲೊಂದು, ಮೊಣಕೈ ಮೇಲೊಂದು ಇಟ್ಟರೆ ಮಗುವಿನ ಕೈ ಅಲ್ಲಾಡುವುದಿಲ್ಲ. ಜೊತೆಗೆ ಒಂದು ಅಗಲದ ಬಟ್ಟೆ ಪಟ್ಟಿ, ಎರಡು ಬದಿಗೂ ವೆಲ್‌ಕ್ರೋ. ಇದನ್ನೆಲ್ಲ ಆ ಕ್ಲಿನಿಕ್ಕಿಗೆ ತೆಗೆದುಕೊಂಡು ಹೋಗಿ ಹುಡುಗನ ಕೈಗೆ ಕೊಟ್ಟು, ಹೇಗೆ ಇಡಬೇಕೆಂದು ಮೇಜಿನ ಮೇಲೆ ತೋರಿಸಿದೆ. ಅವನು ತನ್ನದೇ ಕೈ ಇಟ್ಟು ನೋಡಿ, "ಇನ್ನೆರಡು ಸಿಗುತ್ತಾ ಸಾರ್, ದೊಡ್ಡೋರಿಗೂ ಆಗುತ್ತೆ" ಎಂದು ಕೇಳಿದ. ಬೇರೆ ಯಾವ ಆಸ್ಪತ್ರೆಯವರಿಗೆ ಬೇಕಾದರೂ ಹೊಲಿಸಿಕೊಡುತ್ತೇನೆ, ಬಂದು ತೋರಿಸಿಯೂ ಕೊಡುತ್ತೇನೆ.

ಬರುವ ಸೋಮವಾರ ಮೊಮ್ಮಗನ ಪಟ್ಟಿ ಬಿಚ್ಚುತ್ತಾರೆ. ಮೂಳೆ ಕೂಡಿದೆಯೇ ನೋಡಲು ಇನ್ನೊಂದು ಎಕ್ಸ್‌ರೇ ಇದೆ. ಅದೇ ಕ್ಲಿನಿಕ್ಕಿಗೇ ಹೋಗುತ್ತೇವೆ. ಮಗಳನ್ನು ಈ ಸಲ ಮನೆಯಲ್ಲೇ ಬಿಟ್ಟು, ನಾನೂ ಅವನೂ ಇಬ್ಬರೇ.

– ನಿವೃತ್ತ ಎಕ್ಸ್‌ರೇ ತಂತ್ರಜ್ಞ, ಶನಿವಾರಸಂತೆ, ಸೋಮವಾರಪೇಟೆ ತಾಲ್ಲೂಕು, ಕೊಡಗು